ಹಟ್ಟಿಯೆಂಬ ಎಡೆ: ಶಂ. ಬಾ. ಜೋಶಿಯವರ ಸಂಶೋಧನಮಾರ್ಗದ ಒಂದು ವಿವೇಚನೆ

೧

ಊರಿನ ಹೆಸರು ಇತಿಹಾಸಕ್ಕೆ ಸಾಕ್ಷಿ ನುಡಿಯಬಲ್ಲುದೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಸಾಕ್ಷಿಯು ಯಾವ ಸಂಗತಿಯ ಮಟ್ಟಿಗೆ ಗ್ರಾಹ್ಯವಾದುದು, ಯಾವುದರ ಮಟ್ಟಿಗೆ ಅಗ್ರಾಹ್ಯವಾದುದು ಎಂಬ ವಿವೇಚನೆಯು ನಡೆಯಬೇಕಾದಷ್ಟು ನಡೆದಿಲ್ಲ. ಒಂದು ಊರನ್ನೇ ಎದುರಿಗಿಟ್ಟುಕೊಂಡು ನೋಡಿದರೆ ಈ ಪ್ರಶ್ನೆಯ ತೊಡಕು ಸ್ಪಷ್ಟವಾಗುವುದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿದ ಹಟ್ಟಿಯನ್ನು ನಾಡು ಬಲ್ಲುದು ಚಿನ್ನದ ಗಣಿಯಿಂದ. ೧೯೪೭ರಲ್ಲಿ ನಿಜಾಮರ ಸಂಸ್ಥಾನದೊಳಗೆ ಹೈದರಾಬಾದು ಚಿನ್ನದ ಗಣಿಯ ಕಂಪನಿಯೆಂದು ಹುಟ್ಟಿದ ಸಂಸ್ಥೆಯು ೧೯೫೬ರ ರಾಜ್ಯಪುನರ್ವಿಂಗಡಣೆಯ ಬಳಿಕ ಈ ಊರಿನ ಹೆಸರನ್ನೇ ತಾಳಿತು. ೨೦೦೧ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಳಲ್ಲಿ ಇದಕ್ಕೇ ಅಗ್ರಸ್ಥಾನ ಬಂದಿತು. ಕಂಪನಿಗಳು ಬರುವುದಕ್ಕೆ ಎಷ್ಟೋ ಶತಮಾನಗಳ ಮುಂಚೆಯೇ ಇಲ್ಲಿ ಚಿನ್ನಕ್ಕಾಗಿ ನೆಲವನ್ನು ಅಗೆದ ಗುರುತುಗಳು ದೊರೆತಿವೆ.

ಇಷ್ಟಾಗಿಯೂ ಊರಿನ ಹೆಸರಿನಲ್ಲಿ ಚಿನ್ನದ ಸುಳಿವೇ ಇಲ್ಲ. ಹಟ್ಟಿಯೆಂದರೆ ದನಕರುಗಳ ಕೊಟ್ಟಿಗೆ, ಕುರಿಯ ದೊಡ್ಡಿ, ಮನೆಯ ಮುಂದಣ ಅಂಗಳ, ಪಶುಪಾಲಕರ ಸಣ್ಣ ನೆಲಸುನಾಡು. ನೆಲದ ಒಡಲು ಒಂದು ಕಥೆಯನ್ನು ಹೇಳಿದರೆ ನೆಲದ ಮೇಲಣ ಹೆಸರು ಮತ್ತೊಂದನ್ನು ಹೇಳುತ್ತದೆ. ಇವೆರಡರಲ್ಲಿ ಯಾವುದನ್ನು ನಂಬಬೇಕೆಂಬುದು ಸರಿಯಾದ ಪ್ರಶ್ನೆಯಲ್ಲ. ಯಾವುದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದೇ ಸರಿಯಾದ ಪ್ರಶ್ನೆ. ಕನ್ನಡದಲ್ಲಿ ಈ ಪ್ರಶ್ನೆಯನ್ನು ಒಂದು ಜೀವಮಾನದ ವ್ಯವಸಾಯವನ್ನಾಗಿ ಮಾಡಿಕೊಂಡವರು ಶಂಕರ ಬಾಳದೀಕ್ಷಿತ ಜೋಶಿಯವರು. ‘ಶಂಬಾ’ ಎಂಬ ಸಂಕ್ಷಿಪ್ತನಾಮದಿಂದಲೇ ಅವರು ಪ್ರಸಿದ್ಧರು. ‘ಹಟ್ಟಿ’ ಎಂಬೊಂದು ಶಬ್ದದ ಮೇಲೆ ಅವರು ಕಟ್ಟಿದ ಸಿದ್ಧಾಂತಸೌಧದಲ್ಲಿ ಯಾವ ಭಾಗವು ಇಂದಿಗೂ ಭದ್ರವಾಗಿದೆ, ಯಾವ ಭಾಗವು ಬಿರುಕುಬಿಟ್ಟಿದೆ ಎಂಬುದನ್ನು ಹಟ್ಟಿಯ ನೆಲದಲ್ಲಿಯೇ ನಿಂತು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಶ್ರೀ ಜೋಶಿಯವರು ೧೮೯೬ರ ಜನವರಿ ೪ರಂದು ಬೆಳಗಾವಿ ಜಿಲ್ಲೆಯ ಮಲಪ್ರಭೆಯ ದಂಡೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ೧೯೯೧ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ತೊಂಬತ್ತೈದು ವರ್ಷಗಳ ಈ ದೀರ್ಘಜೀವನದಲ್ಲಿ ಅವರು ಯಾವ ವಿಶ್ವವಿದ್ಯಾಲಯದ ಪೀಠವನ್ನೂ ಏರಿದವರಲ್ಲ. ಧಾರವಾಡದ ಪ್ರೌಢಶಾಲೆಯಲ್ಲಿ ಕನ್ನಡದ ಉಪಾಧ್ಯಾಯವೃತ್ತಿಯನ್ನು ಮಾಡುತ್ತ, ಬಿಡುವಿನ ವೇಳೆಯಲ್ಲಿ ಸಂಶೋಧನೆಯನ್ನು ನಡೆಸಿದರು. ‘ಕಂನುಡಿಯ ಹುಟ್ಟು’, ‘ಕನ್ನಡದ ನೆಲೆ’, ‘ಎಡೆಗಳು ಹೇಳುವ ಕಂನಾಡ ಕಥೆ’, ‘ಹಾಲುಮತ ದರ್ಶನ’, ‘ಕರ್ಣಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ ಎಂಬ ಗ್ರಂಥಗಳ ಹೆಸರುಗಳೇ ಅವರ ವಿಚಾರವು ನಡೆದ ದಾರಿಯನ್ನು ಸೂಚಿಸುತ್ತವೆ: ನುಡಿಯಿಂದ ನೆಲೆಗೆ, ನೆಲೆಯಿಂದ ಜನಕ್ಕೆ, ಜನದಿಂದ ಅವರ ದೈವಕ್ಕೆ, ಅಲ್ಲಿಂದ ಸಮಗ್ರ ಸಂಸ್ಕೃತಿಗೆ. ‘ಪೂರ್ವಪೀಠಿಕೆ’ಗೆ ೧೯೭೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ೧೯೮೧ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಗೌರವಗಳು ಬಂದುವು, ಆದರೆ ತಡವಾಗಿ ಬಂದುವು. ಎಂಬತ್ತೈದನೆಯ ವಯಸ್ಸಿನಲ್ಲಿ ಸಮ್ಮೇಳನದ ಪೀಠವನ್ನೇರಿದ ಪಂಡಿತನಿಗೆ ನಾಡು ಋಣ ತೀರಿಸಿತೆನ್ನುವುದಕ್ಕಿಂತ ಋಣವನ್ನು ಒಪ್ಪಿಕೊಂಡಿತೆನ್ನುವುದೇ ಲೇಸು.

ವಿದ್ಯಾಪೀಠದ ಹೊರಗೆ ನಡೆದ ಈ ವ್ಯಾಸಂಗದ ಗುಣವೂ ದೋಷವೂ ಒಂದೇ ಮೂಲದಿಂದ ಬಂದವು. ವಿಶ್ವವಿದ್ಯಾಲಯಗಳಲ್ಲಿ ಭಾಷಾಶಾಸ್ತ್ರಜ್ಞನು ಬೇರೆ, ಪ್ರಾಕ್ತನಶಾಸ್ತ್ರಜ್ಞನು ಬೇರೆ, ಮಾನವಶಾಸ್ತ್ರಜ್ಞನು ಬೇರೆ, ಭೂಗೋಲವನ್ನು ಬೋಧಿಸುವವನು ಬೇರೆ. ಒಬ್ಬನ ಹೊಲದೊಳಕ್ಕೆ ಮತ್ತೊಬ್ಬನು ಕಾಲಿಡಲು ಸಂಕೋಚಪಡುತ್ತಾನೆ. ಜೋಶಿಯವರಿಗೆ ಇಂತಹ ಬದುಗಳಿರಲಿಲ್ಲ. ಊರಿನ ಹೆಸರು, ಕುರುಬರ ಆಚಾರ, ದೇವರ ಕಥೆ, ಪ್ರಾಕೃತ ವ್ಯಾಕರಣ, ವೇದಮಂತ್ರ ಇವುಗಳನ್ನೆಲ್ಲ ಅವರು ಒಂದೇ ಕಣದಲ್ಲಿ ತೂರಿದರು. ಕಾಳು ದೊರೆತದ್ದೂ ಇದರಿಂದಲೇ, ಕೆಲವೆಡೆ ಹೊಟ್ಟು ಉಳಿದದ್ದೂ ಇದರಿಂದಲೇ. ಇಂದಿನ ಪರಿಭಾಷೆಯಲ್ಲಿ ಅವರನ್ನು ಸಮಾಜಭೂಗೋಲದ ಪಂಡಿತರೆಂದು ಕರೆಯುವುದು ತಪ್ಪಾಗಲಾರದು. ನೆಲ, ಕಸುಬು, ದೈವ, ಜನಾಂಗ ಈ ನಾಲ್ಕರ ಪರಸ್ಪರಸಂಬಂಧವೇ ಅವರ ಯಾವತ್ತೂ ಬರವಣಿಗೆಯ ತಿರುಳು. ಕನ್ನಡದಲ್ಲಿ ‘ಎಡೆ’ ಎಂದರೆ ಸ್ಥಳವೂ ಹೌದು, ದೇವರ ಮುಂದಿಡುವ ನೈವೇದ್ಯವೂ ಹೌದು. ಈ ಎರಡರ್ಥಗಳೂ ಒಂದೇ ವಿಚಾರದಲ್ಲಿ ಕೂಡಿಬಂದುದನ್ನು ಅವರ ಗ್ರಂಥಗಳಲ್ಲಿ ಕಾಣಬಹುದು.

೩

ಅವರ ಮಾರ್ಗದ ವೈಶಿಷ್ಟ್ಯವನ್ನು ತಿಳಿಯಬೇಕಾದರೆ ಅವರಿಗಿಂತ ಮುಂಚೆ ಜನಾಂಗವಿಚಾರವು ಎಂತಹ ಸ್ಥಿತಿಯಲ್ಲಿದ್ದಿತೆಂಬುದನ್ನು ನೆನೆಯಬೇಕು. ೧೯೦೧ರ ಜನಗಣತಿಯ ಅಧಿಕಾರಿಯಾಗಿದ್ದ ರಿಸ್ಲೆಯು ಮೂಗಿನ ಉದ್ದ ಅಗಲಗಳನ್ನೂ ತಲೆಯ ಉದ್ದ ಅಗಲಗಳನ್ನೂ ಅಳೆದು ಭಾರತೀಯರನ್ನು ಕೆಲವು ಜನಾಂಗಗಳಾಗಿ ವಿಂಗಡಿಸಿದನು. ಮರಾಠೀ ಪ್ರಾಂತದ ಬ್ರಾಹ್ಮಣರನ್ನೂ ಕುಣಬಿಗಳನ್ನೂ ಕೊಡಗರನ್ನೂ ಒಟ್ಟುಗೂಡಿಸಿ ‘ಶಕ–ದ್ರಾವಿಡ’ವೆಂಬ ಒಂದು ವರ್ಗವನ್ನು ಕಲ್ಪಿಸಿದನು. ಈ ವರ್ಗೀಕರಣಕ್ಕೆ ನುಡಿಯ ಬೆಂಬಲವೂ ಇರಲಿಲ್ಲ, ದೈವದ ಬೆಂಬಲವೂ ಇರಲಿಲ್ಲ; ಅಳತೆಯ ಪಟ್ಟಿಯೊಂದೇ ಪ್ರಮಾಣ. ಮೂಳೆಯನ್ನು ಅಳೆಯುವವನಿಗೆ ಮನುಷ್ಯನು ಎಲ್ಲಿ ನಿಂತಿದ್ದಾನೆಂಬ ವಿಚಾರವೇ ಬೇಕಾಗುವುದಿಲ್ಲ.

ಜೋಶಿಯವರು ಹಿಡಿದದ್ದು ಇದಕ್ಕೆ ವಿರುದ್ಧವಾದ ಹಾದಿ. ಒಂದು ಜನವನ್ನು ತಿಳಿಯಬೇಕಾದರೆ ಅದು ನೆಲಸಿದ ಎಡೆಯನ್ನು ಕೇಳಬೇಕು. ಆ ಎಡೆಗೆ ಅದು ಇಟ್ಟ ಹೆಸರನ್ನು, ಆ ಎಡೆಯಲ್ಲಿ ಅದು ಪೂಜಿಸುವ ದೇವರನ್ನು, ಆ ದೇವರಿಗೆ ಸಲ್ಲಿಸುವ ಹಾಲು ಬೆಣ್ಣೆ ಕಂಬಳಿಗಳನ್ನು ಕೇಳಬೇಕು. ಈ ದೃಷ್ಟಿಯಿಂದ ಅವರು ಕೃಷ್ಣೆಯನ್ನು ದಾಟಿ ಭೀಮೆಗೂ, ಭೀಮೆಯನ್ನು ದಾಟಿ ಗೋದಾವರಿಗೂ ಹೋದರು. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಹೇಳಿರುವುದು ಕವಿಯ ಉತ್ಪ್ರೇಕ್ಷೆಯಲ್ಲ, ನೆಲದ ಮೇಲೆ ಉಳಿದ ಹೆಸರುಗಳಿಂದ ಇಂದಿಗೂ ಪರೀಕ್ಷಿಸಬಹುದಾದ ಮಾತು ಎಂಬುದನ್ನು ತೋರಿಸಲು ಯತ್ನಿಸಿದರು.

ಈ ಸಂಚಾರದಲ್ಲಿ ಅವರಿಗೆ ಪದೇ ಪದೇ ಎದುರಾದ ಶಬ್ದವೇ ‘ಹಟ್ಟಿ’. ಮಹಾರಾಷ್ಟ್ರದ ಧನಗರರಲ್ಲಿ ಹಟಕರ ಎಂಬ ಒಂದು ಪಂಗಡವುಂಟು. ಕನ್ನಡದ ಹಟ್ಟಿಕಾರ ಎಂಬ ಶಬ್ದದೊಡನೆ ಅದನ್ನು ಹೊಂದಿಸಿ, ಕನ್ನಡಿಗರಿಗೂ ಮರಾಠಿಗರಿಗೂ ಸಮಾನಮೂಲವಾದ ಪಶುಪಾಲಕ ಹಟ್ಟಿಜನವೊಂದಿದ್ದಿತೆಂದು ಅವರು ಪ್ರತಿಪಾದಿಸಿದರು. ಮರಹಟ್ಟ ಎಂಬ ಹೆಸರನ್ನು ಕೂಡ ಈ ಹಟ್ಟಿಯ ಬಳಗಕ್ಕೆ ಸೇರಿಸಿದರು. ೧೯೫೨ರಲ್ಲಿ ಅವರು ಈ ವಿಚಾರಗಳನ್ನು ‘ಮರ್ಹಾಠೀ ಸಂಸ್ಕೃತಿ: ಕಾಹೀ ಸಮಸ್ಯಾ’ ಎಂಬ ಗ್ರಂಥರೂಪದಲ್ಲಿ ಮರಾಠಿಯಲ್ಲಿಯೇ ಪ್ರಕಟಿಸಿದರು. ಇದು ಗಮನಿಸತಕ್ಕ ಸಂಗತಿ. ನೆರೆಯವನ ಮನೆಯ ಮೂಲವನ್ನು ಕುರಿತು ತನ್ನ ಮನೆಯೊಳಗೆ ಕುಳಿತು ಮಾತನಾಡುವುದು ಸುಲಭ. ಅವನ ಅಂಗಳದಲ್ಲಿ ನಿಂತು, ಅವನ ನುಡಿಯಲ್ಲಿ, ಅವನ ಪ್ರತ್ಯುತ್ತರಕ್ಕೆ ಅವಕಾಶವಿರುವಂತೆ ಮಾತನಾಡುವುದು ಸತ್ಯಾನ್ವೇಷಿಯ ಲಕ್ಷಣ.

೪

ಈಗ ಈ ಸಿದ್ಧಾಂತವನ್ನು ಹಟ್ಟಿಯ ಸುತ್ತಣ ನೆಲದ ಮೇಲೆಯೇ ಒರೆಗಿಟ್ಟು ನೋಡಬಹುದು. ಲಿಂಗಸುಗೂರು ತಾಲೂಕಿನಲ್ಲಿ, ಮುದಗಲ್ಲಿಗೆ ಸಮೀಪದಲ್ಲಿ ಪಿಕ್ಲಿಹಾಳವೆಂಬ ಗ್ರಾಮವಿದೆ. ೧೯೫೨ರಲ್ಲಿ, ಎಂದರೆ ಜೋಶಿಯವರ ಮರಾಠೀ ಗ್ರಂಥವು ಹೊರಬಿದ್ದ ವರ್ಷವೇ, ಆಲ್ಚಿನ್ ಎಂಬ ಆಂಗ್ಲ ಪುರಾತತ್ತ್ವಜ್ಞರು ಇಲ್ಲಿ ಉತ್ಖನನವನ್ನು ನಡೆಸಿದರು. ನವಶಿಲಾಯುಗದ ಜನರು ಇಲ್ಲಿನ ಬಂಡೆಗಳ ನಡುವೆ ವಾಸವಾಗಿದ್ದರೆಂದೂ ಅವರ ಬಾಳಿಗೆ ದನಕರುಗಳೇ ಆಧಾರವಾಗಿದ್ದುವೆಂದೂ ಈ ಉತ್ಖನನದಿಂದ ಗೊತ್ತಾಯಿತು. ಬಂಡೆಗಳ ಮೇಲೆ ಅವರು ಬಿಡಿಸಿದ ಚಿತ್ರಗಳಲ್ಲಿ ಗೂಳಿಗಳದ್ದೇ ಮೇಲುಗೈ. ಐದು ವರ್ಷಗಳ ತರುವಾಯ ಅದೇ ವಿದ್ವಾಂಸರು ಆಗಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಬೂದಿದಿಬ್ಬವೊಂದನ್ನು ಅಗೆದರು. ಇಂತಹ ಬೂದಿದಿಬ್ಬಗಳು ರಾಯಚೂರು ಬಳ್ಳಾರಿಗಳ ಬಯಲಿನಲ್ಲಿ ಹಲವಿವೆ. ಅವು ರಾಕ್ಷಸರ ಚಿತಾಭಸ್ಮವೆಂದು ಜನರು ನಂಬಿದ್ದರು. ಬೂದಿಯು ಸಗಣಿಯಿಂದ ಬಂದುದೆಂಬುದನ್ನು ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ಬಹಳ ಹಿಂದೆಯೇ ಊಹಿಸಿದ್ದನು. ಉಟ್ನೂರಿನಲ್ಲಿ ಮರದ ಕಂಬಗಳನ್ನು ನೆಟ್ಟು ಹಾಕಿದ ಬೇಲಿಯ ಕುಳಿಗಳೂ, ಅದರೊಳಗೆ ದನಗಳ ಗೊರಸಿನ ಗುರುತುಗಳೂ ದೊರೆತುವು. ಎಂದರೆ ಬೂದಿದಿಬ್ಬಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನದ ದೊಡ್ಡಿಗಳು. ಕನ್ನಡದ ಮಾತಿನಲ್ಲಿ ಹೇಳುವುದಾದರೆ ಹಟ್ಟಿಗಳು.

ಈ ಶೋಧವು ಜೋಶಿಯವರ ಪಕ್ಷಕ್ಕೆ ಎಂತಹ ಬಲವನ್ನು ತಂದಿತೆಂಬುದನ್ನು ಹೇಳಬೇಕಾಗಿಲ್ಲ. ದಖ್ಖನಿನ ಸಂಸ್ಕೃತಿಯ ತಳಹದಿಯಲ್ಲಿ ಅರಮನೆಯಾಗಲಿ ಅಗ್ರಹಾರವಾಗಲಿ ಇಲ್ಲ, ದನಗಾಹಿಯ ದೊಡ್ಡಿಯಿದೆ ಎಂದು ಅವರು ಶಬ್ದಗಳಿಂದಲೂ ದೈವಗಳಿಂದಲೂ ಊಹಿಸಿದ್ದನ್ನು ಗುದ್ದಲಿಯು ಸ್ವತಂತ್ರವಾಗಿ ಸಮರ್ಥಿಸಿತು. ಸಮೀಪದ ಮಸ್ಕಿಯ ಸಂಗತಿಯನ್ನು ಇದರೊಡನೆ ಹೋಲಿಸಿ ನೋಡುವುದು ಲೇಸು. ೧೯೧೫ರಲ್ಲಿ ಚಿನ್ನದ ನಿಕ್ಷೇಪಗಳ ಅನ್ವೇಷಣೆಯಲ್ಲಿದ್ದ ಬೀಡನ್ ಎಂಬ ಗಣಿಯ ಎಂಜಿನಿಯರನಿಗೆ ಅಲ್ಲಿ ಅಶೋಕನ ಶಾಸನವು ದೊರೆಯಿತು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದನ್ನು ಹೆಸರು ಹೇಳಿ ನಿಶ್ಚಯಿಸಿದ ಮೊದಲ ಶಾಸನವದು. ಚಿನ್ನವನ್ನು ಹುಡುಕಿದವನಿಗೆ ಚಕ್ರವರ್ತಿಯು ದೊರೆತನು. ಆದರೆ ೧೯೫೪ರಲ್ಲಿ ಥಾಪರ್ ಅವರು ಅದೇ ಮಸ್ಕಿಯಲ್ಲಿ ಅಗೆದಾಗ, ಚಕ್ರವರ್ತಿಯ ಲಿಪಿಗಿಂತ ಬಹು ಹಿಂದೆಯೇ ಅಲ್ಲಿ ಜನವಸತಿಯಿದ್ದುದು ಪದರಪದರವಾಗಿ ತೋರಿಬಂದಿತು. ಇತಿಹಾಸವನ್ನು ಶಾಸನದಿಂದಲೇ ಆರಂಭಿಸುವ ವಾಡಿಕೆಯನ್ನು ಜೋಶಿಯವರು ಒಪ್ಪಲಿಲ್ಲ. ಮಸ್ಕಿಯ ನೆಲವೂ ಒಪ್ಪಲಿಲ್ಲ.

ಆದರೂ ಇಲ್ಲಿ ಒಂದು ಗೆರೆಯನ್ನು ಎಳೆಯಲೇಬೇಕು. ಗುದ್ದಲಿಯು ದೊಡ್ಡಿಯನ್ನು ತೋರಿಸಿತು, ಗೊರಸನ್ನು ತೋರಿಸಿತು; ಆ ದೊಡ್ಡಿಯೊಳಗೆ ದನಗಳನ್ನು ಯಾವ ಮಾತಿನಿಂದ ಕೂಗುತ್ತಿದ್ದರೆಂಬುದನ್ನು ತೋರಿಸಲಿಲ್ಲ. ಬೂದಿಗೆ ನಾಲಗೆಯಿಲ್ಲ. ಪಿಕ್ಲಿಹಾಳದ ನವಶಿಲಾಯುಗದ ಜನರು ಕನ್ನಡಿಗರ ಪೂರ್ವಿಕರಾಗಿರಬಹುದು, ಆಗಿರದೆಯೂ ಇರಬಹುದು. ಕಸುಬಿನ ಪ್ರಾಚೀನತೆಯನ್ನು ಸಿದ್ಧಪಡಿಸಿದ ಮಾತ್ರಕ್ಕೆ ನುಡಿಯ ಪ್ರಾಚೀನತೆಯು ಸಿದ್ಧವಾಗುವುದಿಲ್ಲ. ನುಡಿಯ ಪ್ರಾಚೀನತೆಯು ಸಿದ್ಧವಾದರೂ ಜನಾಂಗದ ಏಕತ್ವವು ಸಿದ್ಧವಾಗುವುದಿಲ್ಲ. ಈ ಮೂರು ಮೆಟ್ಟಿಲುಗಳನ್ನು ಒಂದೇ ಹೆಜ್ಜೆಯಲ್ಲಿ ಹತ್ತುವ ಆತುರವೇ ಜೋಶಿಯವರ ಮಾರ್ಗದ ದೌರ್ಬಲ್ಯ.

೫

ಈ ದೌರ್ಬಲ್ಯವು ಶಬ್ದವಿಚಾರದಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಹಟ್ಟಿಯ ಹಳೆಯ ರೂಪವು ‘ಪಟ್ಟಿ’. ಹಳಗನ್ನಡದ ಪಕಾರವು ಹಕಾರವಾಗಿ ಮಾರ್ಪಡುವುದು ಶಾಸನಗಳಲ್ಲಿ ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕಾಣತೊಡಗಿ ಕ್ರಮೇಣ ಬಲಗೊಂಡಿತೆಂಬುದು ವ್ಯಾಕರಣವನ್ನು ಬೋಧಿಸುವವರಿಗೆಲ್ಲ ತಿಳಿದದ್ದೇ: ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪಟ್ಟಿ ಹಟ್ಟಿಯಾಯಿತು. ‘ಮರಹಟ್ಠ’ ಎಂಬ ಪ್ರಾಕೃತರೂಪವಾದರೋ ಇದಕ್ಕಿಂತ ಹಳೆಯದು. ಎಂಟನೆಯ ಶತಮಾನದ ‘ಕುವಲಯಮಾಲಾ’ ಎಂಬ ಪ್ರಾಕೃತ ಕಥಾಗ್ರಂಥವೇ ಮರಹಟ್ಠ ಜನರನ್ನು ಹೆಸರಿಸುತ್ತದೆ. ಅದರ ಹಕಾರವು ಕನ್ನಡದ ಪಕಾರದಿಂದ ಬರುವುದಕ್ಕೆ ಕಾಲವೇ ಸಾಲದು. ಮಹಾರಾಷ್ಟ್ರ ಶಬ್ದದ ಹಕಾರ ರಕಾರಗಳು ಸ್ಥಾನಪಲ್ಲಟವನ್ನು ಹೊಂದಿ ಮರಹಟ್ಠವಾಗುವುದನ್ನು ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿ ಪ್ರತ್ಯೇಕಸೂತ್ರದಿಂದಲೇ ವಿಧಿಸಿರುವನು. ಹೀಗಿರಲಾಗಿ ಮರಹಟ್ಟವನ್ನು ಹಟ್ಟಿಯಿಂದ ಸಾಧಿಸುವ ವಾದವು ಕಾಲಕ್ರಮದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಎರಡನೆಯ ತೊಡಕು ಬೇರೆ. ಸಂಸ್ಕೃತ ಪ್ರಾಕೃತಗಳಲ್ಲಿ ಸಂತೆಗೆ ‘ಹಟ್ಟ’ವೆಂಬ ಶಬ್ದವುಂಟು, ಉತ್ತರದ ಹಾಟ್ ಎಂಬ ಮಾತು ಅದರಿಂದಲೇ ಬಂದದ್ದು. ಧ್ವನಿಯು ಒಂದೇ ಆದರೂ ಸಂತೆಯ ಹಟ್ಟವು ಬೇರೆ, ದನದ ಹಟ್ಟಿಯು ಬೇರೆ. ಉತ್ತರದ ಒಂದು ಊರಿನ ಹೆಸರಿನಲ್ಲಿ ‘ಹಟ್ಟ’ ಎಂದು ಕೇಳಿಬಂದ ಕೂಡಲೆ ಅಲ್ಲಿ ಕನ್ನಡದ ದನಗಾಹಿಯಿದ್ದನೆನ್ನಲಾಗದು. ಒಬ್ಬ ವರ್ತಕನೂ ಇದ್ದಿರಬಹುದು. ಮೂರನೆಯದಾಗಿ, ‘ಪಟ್ಟಿ’ಯು ಕನ್ನಡದೊಂದರ ಸೊತ್ತಲ್ಲ. ತಮಿಳುನಾಡಿನಲ್ಲಿ ಆಂಡಿಪಟ್ಟಿ, ಉಸಿಲಂಪಟ್ಟಿ ಮೊದಲಾದ ಊರುಗಳು ಹೇರಳವಾಗಿವೆ. ನೀಲಗಿರಿಯ ಬಡಗರು ತಮ್ಮ ಊರುಗಳನ್ನು ಹಟ್ಟಿಯೆಂದೇ ಕರೆಯುತ್ತಾರೆ. ಚಿತ್ರದುರ್ಗದ ಸೀಮೆಯಲ್ಲಿ ಗೊಲ್ಲರಹಟ್ಟಿಗಳಿವೆ. ಬಡಗರು, ಗೊಲ್ಲರು, ಕುರುಬರು ಒಂದೇ ರಕ್ತದವರೆಂದು ಯಾರೂ ಹೇಳಲಾರರು. ಶಬ್ದವು ಅವರನ್ನು ಕೂಡಿಸುವುದು ವಂಶದಿಂದಲ್ಲ, ವೃತ್ತಿಯಿಂದ. ಪಶುಗಳನ್ನು ರಾತ್ರಿ ಕೂಡಿಹಾಕಬೇಕಾದ ಯಾವ ಜನವಾದರೂ, ಆ ಶಬ್ದವುಳ್ಳ ನುಡಿಯನ್ನಾಡುತ್ತಿದ್ದರೆ, ತನ್ನ ಎಡೆಯನ್ನು ಹಟ್ಟಿಯೆಂದು ಕರೆದೀತು.

ಇದಕ್ಕೆ ಹಟ್ಟಿಯ ನೆರೆಯ ಸಿಂಧನೂರು ತಾಲೂಕೇ ಜೀವಂತವಾದ ನಿದರ್ಶನ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ತರುವಾಯ ಆಂಧ್ರದಿಂದ ತೆಲುಗು ರೈತರು ಬಂದು ಅಲ್ಲಲ್ಲಿ ನೆಲಸಿದರು. ಅವರ ಊರುಗಳಿಗೆ ‘ಕ್ಯಾಂಪು’ ಎಂಬ ಹೆಸರು ಬಿದ್ದಿತು. ಪೂರ್ವಪಾಕಿಸ್ತಾನದಿಂದ ಬಂದ ಬಂಗಾಲೀ ನಿರಾಶ್ರಿತರಿಗೂ ಸರಕಾರವು ಇದೇ ತಾಲೂಕಿನಲ್ಲಿ ವಸತಿಯನ್ನು ಕಲ್ಪಿಸಿತು. ಅವರ ಊರುಗಳೂ ಕ್ಯಾಂಪುಗಳೇ ಆದುವು. ಸಾವಿರ ವರ್ಷಗಳ ಮೇಲೆ ಒಬ್ಬ ಶೋಧಕನು ಈ ಸೀಮೆಯ ಊರುಗಳ ಹೆಸರುಗಳನ್ನು ಸಂಗ್ರಹಿಸಿ, ‘ಕ್ಯಾಂಪಿನ ಜನ’ವೆಂಬ ಒಂದು ಜನಾಂಗವಿದ್ದಿತೆಂದು ಬರೆದರೆ, ಅವನು ಹೆಸರುಗಳನ್ನು ಸರಿಯಾಗಿಯೇ ಓದಿ ಜನರನ್ನು ತಪ್ಪಾಗಿ ಓದಿದಂತಾಗುವುದು. ಆ ಹೆಸರು ಕಾಲುವೆಗೂ ವಲಸೆಗೂ ಸರಕಾರದ ಭೂವ್ಯವಸ್ಥೆಗೂ ನಿಷ್ಕಳಂಕವಾದ ಸಾಕ್ಷಿ. ರಕ್ತಕ್ಕೆ ಅದು ಸಾಕ್ಷಿಯೇ ಅಲ್ಲ. ಹಟ್ಟಿಯ ವಿಷಯದಲ್ಲಿಯೂ ನ್ಯಾಯವು ಇದೇ. ಸ್ಥಳನಾಮವು ಬದುಕಿನ ರೀತಿಯನ್ನು ಹೇಳಬಲ್ಲುದು, ಆಡುನುಡಿಯ ಹರವನ್ನು ಬಹುಮಟ್ಟಿಗೆ ಹೇಳಬಲ್ಲುದು, ಕುಲವನ್ನು ಹೇಳಲಾರದು.

೬

ಇಷ್ಟು ದೋಷಗಳನ್ನೆಣಿಸಿದ ಬಳಿಕ ಜೋಶಿಯವರ ಸಾಧನೆಯಲ್ಲಿ ಉಳಿಯುವುದೇನೆಂದು ಕೇಳಬಹುದು. ಉಳಿಯುವುದು ಬಹಳವಿದೆ. ದೈವವಿಚಾರದಲ್ಲಿ ಅವರು ತೋರಿದ ದಾರಿಯು ಶಬ್ದವಿಚಾರದ ದಾರಿಗಿಂತ ಹೆಚ್ಚು ದೃಢವಾದದ್ದು. ‘ಹಾಲುಮತ ದರ್ಶನ’ದಲ್ಲಿ ಅವರು ಕುರುಬರ ಸಂಪ್ರದಾಯವನ್ನು ಹೀನಾಯವಾಗಿ ನೋಡದೆ, ಒಂದು ದರ್ಶನವೆಂದು ಕರೆದು ಅದಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿದರು. ಬೀರಪ್ಪ, ಮೈಲಾರ, ವಿಠ್ಠಲ ಈ ದೇವರುಗಳ ಕ್ಷೇತ್ರಗಳು ಕನ್ನಡ ಮರಾಠಿಗಳ ಗಡಿಯನ್ನು ಲೆಕ್ಕಿಸದೆ ಹಬ್ಬಿರುವುದು ಪ್ರತ್ಯಕ್ಷಸಂಗತಿ. ಪಂಢರಪುರದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದ, ೧೨೩೭ರ ಶಾಸನವಿದೆ. ಪ್ರಾಚೀನ ಮರಾಠೀ ಸಂತರ ವಾಣಿಯಲ್ಲಿಯೇ ವಿಠ್ಠಲನಿಗೆ ಕಾನಡನೆಂಬ ವಿಶೇಷಣವಿದೆ. ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ಧನಗರರು ವಿಠ್ಠಲನನ್ನೂ ಬೀರದೇವನನ್ನೂ ಜೊತೆಯಾಗಿ ಪೂಜಿಸುತ್ತಾರೆ.

ಮರಾಠೀ ವಿದ್ವಾಂಸರಾದ ರಾ. ಚಿಂ. ಢೇರೆಯವರು ೧೯೮೪ರಲ್ಲಿ ಪ್ರಕಟಿಸಿದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಎಂಬ ಗ್ರಂಥದಲ್ಲಿ ವಿಠ್ಠಲನು ಮೂಲತಃ ಗೋಪಾಲಕರ ದೇವರೆಂಬುದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು, ಆ ಗ್ರಂಥಕ್ಕೂ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಜರ್ಮನಿಯ ಸೋಂಟ್‌ಹೈಮರ್ ಅವರು ಬೀರೋಬಾ, ಮ್ಹಸ್ಕೋಬಾ, ಖಂಡೋಬಾ ದೇವರುಗಳನ್ನು ಕುರಿತು ೧೯೭೬ರಲ್ಲಿ ರಚಿಸಿದ ಗ್ರಂಥವು ಕುರುಬ ಧನಗರರ ವಲಸೆಯ ದಾರಿಗಳನ್ನು ಹಿಡಿದು ದೈವದ ಭೂಗೋಲವನ್ನು ನಿರೂಪಿಸಿತು. ಧಾರವಾಡದ ಶಾಲೋಪಾಧ್ಯಾಯರೊಬ್ಬರು ಹಿಡಿದ ಹಾದಿಯಲ್ಲಿ ಪುಣೆಯ ಪಂಡಿತರೂ ಹೈಡಲ್‌ಬರ್ಗಿನ ಪಂಡಿತರೂ ನಡೆದರೆಂಬುದು ಕನ್ನಡ ಸಂಶೋಧನೆಗೆ ಸಣ್ಣ ಗೌರವವಲ್ಲ.

ಇದಕ್ಕೂ ಮಿಗಿಲಾದ ಸಂಗತಿಯೊಂದಿದೆ. ಜೋಶಿಯವರ ಸಿದ್ಧಾಂತವು ಹೊರಗಿನಿಂದ ಜನಾಂಗವಾದದಂತೆ ತೋರಿದರೂ ಒಳಗಿನಿಂದ ಅದನ್ನು ಸಡಿಲಿಸುತ್ತದೆ. ಕನ್ನಡಿಗ ಮರಾಠಿಗರಿಬ್ಬರೂ ಒಂದೇ ಹಟ್ಟಿಯವರೆಂದ ಮೇಲೆ ಇಬ್ಬರಲ್ಲಿ ಯಾರಿಗೂ ಶುದ್ಧತೆಯ ಹೆಮ್ಮೆಗೆ ಅವಕಾಶವುಳಿಯುವುದಿಲ್ಲ. ಆದರೆ ಅವರ ಗ್ರಂಥಗಳನ್ನು ಬಳಸಿಕೊಂಡವರೆಲ್ಲ ಈ ಒಳತಿರುಳನ್ನು ಕಾಣಲಿಲ್ಲ. ೧೯೫೬ರಲ್ಲಿ ರಾಜ್ಯಗಳು ಭಾಷಾನುಸಾರವಾಗಿ ವಿಂಗಡವಾದ ತರುವಾಯ, ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನು ಒಪ್ಪಿಸಿದ ತರುವಾಯವೂ, ಗಡಿಯ ವಿವಾದವು ಆರದೆ ಉಳಿಯಿತು. ಅಂತಹ ವಾತಾವರಣದಲ್ಲಿ ಪ್ರಾಚೀನ ಸ್ಥಳನಾಮಗಳನ್ನು ಹಕ್ಕುಪತ್ರಗಳೆಂಬಂತೆ ಎತ್ತಿಹಿಡಿಯುವ ಮೋಹವು ಸಹಜ. ಪಂಢರಪುರದ ಸೀಮೆಯು ಒಮ್ಮೆ ಕನ್ನಡವಾಗಿದ್ದಿತೆಂಬುದು ಸತ್ಯವಾದರೂ ಅದರಿಂದ ಇಂದಿನ ನಿವಾಸಿಗಳ ಮೇಲೆ ಯಾರಿಗೂ ಯಾವ ಅಧಿಕಾರವೂ ಹುಟ್ಟುವುದಿಲ್ಲ. ಸಂಶೋಧಕನು ಸಾಕ್ಷಿಯನ್ನು ಒದಗಿಸತಕ್ಕವನೇ ಹೊರತು ವಕೀಲನಲ್ಲ. ಪ್ರಮಾಣವು ಎಲ್ಲಿಗೆ ನಿಲ್ಲುತ್ತದೆಂಬುದನ್ನು ಸ್ಪಷ್ಟವಾಗಿ ಹೇಳದಿದ್ದರೆ, ಮುಂದಿನವರು ಅದನ್ನು ತಮಗೆ ಬೇಕಾದಲ್ಲಿಗೆ ಎಳೆದೊಯ್ಯುತ್ತಾರೆ. ಶಬ್ದದಿಂದ ಜನಾಂಗಕ್ಕೆ ಹಾರುವ ತರ್ಕದೋಷವು ಕೇವಲ ಪಂಡಿತರ ಚರ್ಚೆಯ ಮಾತಾಗಿ ಉಳಿಯದೆ, ಊರೂರಿನ ಶಾಂತಿಯನ್ನು ಮುಟ್ಟುವ ಮಾತಾಗುವುದು ಹೀಗೆ.

ಪುಣೆಯ ಇರಾವತಿ ಕರ್ವೆಯವರ ವಿಚಾರವನ್ನು ಇಲ್ಲಿ ಹೋಲಿಸುವುದು ಉಚಿತ. ಮಾನವಶಾಸ್ತ್ರಜ್ಞೆಯಾಗಿ ದೇಹಗಳ ಅಳತೆಯಿಂದ ವ್ಯಾಸಂಗವನ್ನಾರಂಭಿಸಿದ ಅವರು ಪಂಢರಪುರದ ದಿಂಡಿಯೊಡನೆ ನಡೆದು ಬಂದ ಮೇಲೆ, ಯಾವ ನಾಡಿನ ಜನರು ಪಂಢರಪುರಕ್ಕೆ ಯಾತ್ರೆ ಹೋಗುತ್ತಾರೋ ಅದೇ ಮಹಾರಾಷ್ಟ್ರವೆಂಬ ಹೊಸ ಲಕ್ಷಣವನ್ನು ಕಂಡುಕೊಂಡರು. ಜೋಶಿಯವರು ಅದೇ ಪಂಢರಪುರದಲ್ಲಿ ಕನ್ನಡ ಹಟ್ಟಿಯ ದೇವರನ್ನು ಕಂಡರು. ಒಬ್ಬರು ನಾಡನ್ನು ಅದರ ಮೂಲದಿಂದ ಗುರುತಿಸಿದರು, ಇನ್ನೊಬ್ಬರು ಅದರ ನಡಿಗೆಯಿಂದ ಗುರುತಿಸಿದರು. ಎರಡೂ ಬೇಕು. ಮೂಲವನ್ನು ಮಾತ್ರ ನೋಡಿದವನಿಗೆ ಅದರ ಮೇಲೆ ಕೂತ ಪದರಗಳು ಕಾಣುವುದಿಲ್ಲ. ಹಟ್ಟಿಗೆ ಸಮೀಪದ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕ್ರೈಸ್ತರಿದ್ದಾರೆ. ಅಲ್ಲಿನ ಮೊಹರಮ್ಮಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಹರಕೆ ಹೊರುತ್ತಾರೆ. ಗಣಿಯ ಕೂಲಿಯನ್ನರಸಿ ಹಲವು ಕಡೆಗಳ ಜನರು ಹಟ್ಟಿಗೆ ಬಂದು ನೆಲಸಿದರು. ಇವರೆಲ್ಲರ ದೈವಗಳೂ ಈ ಎಡೆಯ ದೈವಗಳೇ. ಹಾಲುಮತದ ಬೇರನ್ನು ಅಗೆದು ತೋರಿಸಿದ ಜೋಶಿಯವರ ದೃಷ್ಟಿಯು ಈ ಕೊಂಬೆಗಳ ಕಡೆಗೆ ಅಷ್ಟಾಗಿ ಹೊರಳಲಿಲ್ಲ. ಅದು ಅವರು ಆರಿಸಿಕೊಂಡ ಕ್ಷೇತ್ರದ ಮಿತಿ. ಅದನ್ನು ತುಂಬಬೇಕಾದವರು ಅವರ ಅನಂತರ ಬಂದವರು.

ಶಾಲೆ ಕಾಲೇಜುಗಳಲ್ಲಿ ಕನ್ನಡವನ್ನು ಬೋಧಿಸುವವರಿಗೆ ಜೋಶಿಯವರ ಗ್ರಂಥಗಳಿಂದ ಆಗಬಹುದಾದ ಮುಖ್ಯ ಪ್ರಯೋಜನವು ಅವರ ನಿರ್ಣಯಗಳಲ್ಲಿಲ್ಲ, ಅವರ ಪ್ರಶ್ನೆಗಳಲ್ಲಿದೆ. ತಾನಿರುವ ಊರಿಗೆ ಈ ಹೆಸರೇಕೆ, ಊರ ಹೊರಗಿನ ಗುಡಿಯ ಪೂಜಾರಿಯು ಯಾವ ಕುಲದವನು, ಜಾತ್ರೆಗೆ ಎತ್ತಣಿಂದ ಜನ ಬರುತ್ತಾರೆ, ದೇವರಿಗೆ ಯಾವ ಎಡೆಯನ್ನು ಇಡುತ್ತಾರೆ ಎಂಬುದನ್ನು ವಿದ್ಯಾರ್ಥಿಯು ಬರೆದು ತಂದರೆ ಅದು ಸಂಶೋಧನೆಯ ಮೊದಲ ಪಾಠ. ಬರೆದು ತಂದುದರಲ್ಲಿ ಯಾವುದು ಕಸುಬಿನ ಸಾಕ್ಷಿ, ಯಾವುದು ನುಡಿಯ ಸಾಕ್ಷಿ, ಯಾವುದು ಬರಿಯ ಊಹೆ ಎಂದು ಬೇರ್ಪಡಿಸಿದರೆ ಅದು ಎರಡನೆಯ ಪಾಠ. ಮೊದಲ ಪಾಠವನ್ನು ಕನ್ನಡಿಗರಿಗೆ ಕಲಿಸಿದವರಲ್ಲಿ ಜೋಶಿಯವರು ಅಗ್ರಗಣ್ಯರು. ಎರಡನೆಯದನ್ನು ಅವರ ಗ್ರಂಥಗಳ ಮೇಲೆಯೇ ಅಭ್ಯಾಸಮಾಡುವುದು ಅವರಿಗೆ ಅಗೌರವವಲ್ಲ. ಹಟ್ಟಿಯ ನೆಲದಲ್ಲಿ ಚಿನ್ನವು ಕಲ್ಲಿನೊಡನೆ ಬೆರೆತೇ ಮೇಲಕ್ಕೆ ಬರುವುದು. ಕಲ್ಲನ್ನು ಅರೆದು ಚಿನ್ನವನ್ನು ಬೇರ್ಪಡಿಸುವ ಕೆಲಸವು ಗಣಿಯನ್ನು ತೋಡಿದವನ ಕೆಲಸದಷ್ಟೇ ಅವಶ್ಯವಾದುದು.